ಕೋಣೆ ಕೆಡವಿದ ಮೇಲೆ: ಹಳೆಯ ಮೃಗಾಲಯವೊಂದರ ಚಿಗರಿ ಹಿಂಡಿನ ಪ್ರಕರಣ

ಹಾವೇರಿ–ಗದಗ ಸೀಮೆಯ ಎರೆ ಭೂಮಿಯಲ್ಲಿ ದಶಕಗಳ ಹಿಂದೆ ಶುರುವಾದ ಒಂದು ಸಣ್ಣ ಮೃಗಾಲಯದ ಪ್ರಕರಣ ಇದು. ಸಂಸ್ಥೆಯ ಗುರುತು ಬಿಟ್ಟು ಅಳತೆ, ಘಟನೆ, ಕಾರಣಗಳನ್ನಷ್ಟೇ ಇಲ್ಲಿ ಇಟ್ಟಿದೆ. ಅಲ್ಲಿ ಆರು ಕೋಣೆಗಳ ಒಂದು ಕಲ್ಲಿನ ಕಟ್ಟಡವಿತ್ತು. ಕೆಲಸಗಾರರ ಬಾಯಲ್ಲಿ ಅದು ‘ಚಿಗರಿ ಮನಿ’. ಜೈಲಿನಂತೆ ಕಾಣುತ್ತದೆ, ಗೋಡೆ ಬಿರಿದಿದೆ ಎಂದು ಅದನ್ನು ಕೆಡವಿ ವಿಶಾಲವಾದ ತೆರೆದ ಆವರಣ ಮಾಡಿದರು. ಮುಂದಿನ ಒಂದೇ ಮಳೆಗಾಲದಲ್ಲಿ ಹಿಂಡಿನ ನಾಲ್ಕು ಪ್ರಾಣಿಗಳು ಸತ್ತವು. ಒಂದು ಸಾವೂ ಅಂಟುರೋಗದಿಂದ ಆದದ್ದಲ್ಲ. ಕಟ್ಟಡ ಕೆಡವಿದ್ದು ತಪ್ಪಾಗಿರಲಿಲ್ಲ. ಆ ಕಟ್ಟಡ ದಿನಾ ಏನೇನು ಕೆಲಸ ಮಾಡುತ್ತಿತ್ತು ಎಂದು ಕೂತು ಬರೆದುಕೊಳ್ಳದೆ ಕೆಡವಿದ್ದು ತಪ್ಪಾಯಿತು.

ಚಿಗರಿ ಎಂದರೆ ಈ ಭಾಗದಲ್ಲಿ ಕೃಷ್ಣಮೃಗ. ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ಸಿಗೂ ಅದರದೇ ಹೆಸರು. 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರ್‌ನ ರಾಣೆಬೆನ್ನೂರು ಅಭಯಾರಣ್ಯ ಇರುವುದೇ ಇದಕ್ಕಾಗಿ. ನರಗುಂದ, ನವಲಗುಂದ ಕಡೆಯ ಹೆಸರುಕಾಳು, ಗೋವಿನಜೋಳದ ಹೊಲಗಳಲ್ಲಿ ಹಿಂಡುಹಿಂಡಾಗಿ ಕಾಣುವುದರಿಂದ ‘ಇದೇನು ಅಪರೂಪದ್ದು’ ಎಂದು ರೈತರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಇದೂ ಇದೆ. ಬಲಿತ ಗಂಡಿನ ತೂಕ ಸರಾಸರಿ 38 ಕಿಲೋ, ಹೆಣ್ಣಿನದು 27. ಗಂಡಿಗೆ ಸುರುಳಿ ಕೊಂಬು, ಉದ್ದ 35ರಿಂದ 75 ಸೆಂ.ಮೀ. ಗರ್ಭ ಸುಮಾರು ಆರು ತಿಂಗಳು, ಒಂದು ಸಲಕ್ಕೆ ಒಂದೇ ಮರಿ. ಹೆದರಿದಾಗ ಎರಡು ಮೀಟರ್ ಎತ್ತರ ನೆಗೆಯುತ್ತದೆ. ಬಯಲಿನಲ್ಲಿ ಓಡಿ ಬದುಕುವ ಪ್ರಾಣಿ ಇದು. ಆಪತ್ತು ಬಂದಾಗ ಇದಕ್ಕೆ ಗೊತ್ತಿರುವ ಮೊದಲ ಉಪಾಯವೂ ಕೊನೆಯ ಉಪಾಯವೂ ಓಟವೇ. ಈ ಪ್ರಕರಣದ ನಾಲ್ಕು ಸಾವುಗಳಲ್ಲಿ ಮೂರಕ್ಕೆ ಮೂಲ ಇಲ್ಲಿದೆ.

ಹಳೆಯ ಮನೆ ಹೇಗಿತ್ತು

60 ಅಡಿ ಉದ್ದ, 16 ಅಡಿ ಅಗಲ. ಕಲ್ಲಿನ ಗೋಡೆ, ಮಂಗಳೂರು ಹೆಂಚು, ನೆಲಕ್ಕೆ ಶಹಾಬಾದ್ ಕಲ್ಲು. ಮುಂದೆ ಐದಿಂಚು ಅಂತರದ ಕಬ್ಬಿಣದ ಸರಳು, ಹಿಂದೆ ನಾಲ್ಕಡಿಯ ಓಣಿ. ಪ್ರತಿ ಕೋಣೆಗೂ ಮೇಲಿಂದ ಕೆಳಗೆ ಇಳಿಯುವ ಹಲಗೆ ಬಾಗಿಲು, ಅದನ್ನು ಎತ್ತಲು ಗಾಲಿ ಮತ್ತು ಸರಪಳಿ. ಮೂರು ಕೋಣೆ ಚಿಗರಿಗೆ. ಉಳಿದ ಮೂರರಲ್ಲಿ ಬೇರೆ ಬೇರೆ ಕಾಲಕ್ಕೆ ಚಿಂಕಾರ, ಕೊಂಡುಕುರಿಯಂಥ ಸಣ್ಣ ಹುಲ್ಲೆಗಳು, ಗಾಯಗೊಂಡು ಬಂದ ಒಂಟಿ ಪ್ರಾಣಿಗಳು ಇದ್ದವು.

ದೋಷಗಳು ಬಹಳ ಇದ್ದವು, ಅದನ್ನು ಮುಚ್ಚಿಡುವ ಕಾರಣವಿಲ್ಲ. ಉಚ್ಚೆ ಬಿದ್ದ ಶಹಾಬಾದ್ ಕಲ್ಲು ಜಾರುತ್ತದೆ. ಗೊರಸಿನ ಪ್ರಾಣಿ ಹಿಂಗಾಲು ಕವಲೊಡೆದು ಬಿದ್ದರೆ ತೊಡೆಯ ಸಂದು ಹರಿಯುತ್ತದೆ, ಮತ್ತೆ ಏಳುವುದಿಲ್ಲ. ಇಳಿಬಾಗಿಲು ಕೈಜಾರಿದರೆ ಬೆನ್ನು ಮುರಿಯುತ್ತದೆ. ಸರಳಿನ ನಡುವೆ ಕೊಂಬು ಸಿಗುತ್ತದೆ, ಮರಿ ನುಸುಳಿ ಹೊರಗೆ ಬರುತ್ತದೆ. ಗಾಳಿ ಆಡದ ಕೋಣೆಯಲ್ಲಿ ಬೆಳಗಿನ ಹೊತ್ತಿಗೆ ಉಚ್ಚೆಯ ಘಾಟು ಕಣ್ಣುರಿಸುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು ಮಳೆಗೆ ಉಬ್ಬುವುದರಿಂದ ಗೋಡೆಗಳು ಮೂಲೆಯಿಂದ ಮೂಲೆಗೆ ಸೀಳಿದ್ದವು. ಪ್ರಾಣಿಯನ್ನು ಸರಳಿನ ಹಿಂದಿಟ್ಟು ತೋರಿಸುವ ಕಾಲವೂ ಮುಗಿದಿತ್ತು. ಜರ್ಮನಿಯ ಹ್ಯಾಂಬರ್ಗ್ ಹತ್ತಿರ ಕಾರ್ಲ್ ಹ್ಯಾಗನ್‌ಬೆಕ್ ಸರಳು ತೆಗೆದು ಕಂದಕ ತೋಡಿದ ಮೃಗಾಲಯ ತೆರೆದದ್ದು 1907ರಲ್ಲಿ. ನಮ್ಮಲ್ಲಿ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲೆ ಇಂಥ ಕೋಣೆಗಳು ಒಂದೊಂದಾಗಿ ಮಾಯವಾದವು. ಹೋಗಬೇಕಾದದ್ದೇ.

ಆದರೆ ಅದೇ ಕಟ್ಟಡ ದಿನಾ ಏನು ಮಾಡುತ್ತಿತ್ತು ನೋಡಿ. ಸಂಜೆ ಮೇವು ಒಳಗೆ ಇಟ್ಟರೆ ಹಿಂಡು ತಾನಾಗಿ ಒಳಗೆ ಬರುತ್ತಿತ್ತು, ಎಣಿಕೆ ಆಗುತ್ತಿತ್ತು. ಬಲಿತ ಗಂಡುಗಳಲ್ಲಿ ಹೆಚ್ಚಿನವು ಹಿಂದಿನ ಅಂಗಳದಲ್ಲೇ ಉಳಿಯುತ್ತಿದ್ದವು, ಹೆಣ್ಣುಗಳ ಜೊತೆ ಒಂದೇ ಒಂದು. ಗಬ್ಬದ ಹೆಣ್ಣಿಗೆ ಈಯುವ ಹೊತ್ತಿಗೆ ಒಂದು ಕೋಣೆ. ಕುಂಟುವ ಪ್ರಾಣಿಯನ್ನು ಬಾಗಿಲು ಇಳಿಸಿ ಬೇರೆ ಮಾಡಿ, ಓಣಿಯಿಂದ ವೈದ್ಯರು ಹತ್ತಿರದಲ್ಲಿ ನೋಡಬಹುದಿತ್ತು. ಹೊಸದಾಗಿ ಬಂದ ಪ್ರಾಣಿಯನ್ನು ಕೊನೆಯ ಕೋಣೆಯಲ್ಲಿ ಕನಿಷ್ಠ 30 ದಿನ ದೂರ ಇಡಬಹುದಿತ್ತು. ಇವುಗಳಲ್ಲಿ ಒಂದೂ ಕಟ್ಟಡದ ನಕಾಶೆಯಲ್ಲಿ ಬರೆದಿರಲಿಲ್ಲ. ಪಾಲಕರ ಕೈಯಲ್ಲಿ ಇತ್ತು. ಅವರು ನಿವೃತ್ತರಾದರು, ಕಟ್ಟಡ ನೆಲಸಮವಾಯಿತು.

ಬದಲಿಗೆ ಬಂದದ್ದು

ಒಂದು ಹೆಕ್ಟೇರ್ ಬಯಲು, ಸುತ್ತ ಎಂಟಡಿ ಎತ್ತರದ ಚೈನ್‌ಲಿಂಕ್ ಬೇಲಿ, ನಾಲ್ಕು ಕಂಬದ ಮೇಲೆ ತಗಡಿನ ಒಂದು ಚಪ್ಪರ, ಅದರಡಿ 12 ಅಡಿ ಉದ್ದದ ಒಂದೇ ಸಿಮೆಂಟ್ ಗೋದಲಿ. ನೋಡುವವರಿಗೆ ಚಂದ. ಹಿಂಡಿನಲ್ಲಿ ಆಗ 24 ಪ್ರಾಣಿಗಳು, ಅವುಗಳಲ್ಲಿ ಬಲಿತ ಗಂಡು ಏಳು. ಎಲ್ಲವನ್ನೂ ಒಟ್ಟಿಗೆ ಬಿಟ್ಟರು.

ಹಳೆಯ ಪಾಲಕರೊಬ್ಬರು ಮೊದಲ ವಾರವೇ ಹೇಳಿದ್ದರು: “ಸಾಹೇಬ್ರ, ಮನಿ ಇದ್ದಾಗ ಸಂಜೀಕ ಎಲ್ಲಾ ಒಳಗ ಬರ್ತಿದ್ವು. ಈಗ ಎಣಸೂದೂ ಆಗವಲ್ದು.” ಎಣಿಸಲು ಆಗದ ಹಿಂಡಿನಲ್ಲಿ ಯಾವುದಕ್ಕೆ ಏನಾಯಿತು ಎಂದು ತಿಳಿಯುವುದು ಅದು ಬಿದ್ದ ಮೇಲೆಯೇ.

ಮೊದಲ ಸಾವು ಕೊಂಬಿನ ಇರಿತ. ಕಾಡಿನಲ್ಲಿ ಗಂಡು ಚಿಗರಿ ತನ್ನ ಜಾಗ ಹಿಡಿದು, ಕಣ್ಣ ಮುಂದಿನ ಗ್ರಂಥಿಯನ್ನು ಕಡ್ಡಿಗೆ, ಗಿಡದ ತುದಿಗೆ ಒರೆಸಿ ಗುರುತು ಹಾಕುತ್ತದೆ. ಸೋತ ಗಂಡು ಅಲ್ಲಿಂದ ದೂರ ಓಡಿಹೋದರೆ ಜಗಳ ಮುಗಿಯಿತು. ಬೇಲಿಯೊಳಗೆ ಸೋತದ್ದು ಸುತ್ತು ಹಾಕಿ ಮತ್ತೆ ಅದೇ ಗಂಡಿನ ಮುಂದೆ ಬರುತ್ತದೆ, ಮತ್ತೆ ಏಟು ತಿನ್ನುತ್ತದೆ. ಆವರಣದ ಚೌಕ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಎರಡನೇ ದರ್ಜೆಯ ಗಂಡಿನ ಹೊಟ್ಟೆಗೆ ಇರಿತ ಬಿತ್ತು. ಹೊರಗೆ ಕಂಡ ತೂತು ಬೆರಳು ಹೋಗುವಷ್ಟೇ. ಒಳಗೆ ಕರುಳು ಹರಿದಿತ್ತು.

ಎರಡನೆಯದು ಬೇಲಿಗೆ ಡಿಕ್ಕಿ. ರಾತ್ರಿ ಬೀದಿನಾಯಿಗಳು ಬೇಲಿಯ ಹೊರಗೆ ಓಡಾಡಿದವು. ಒಳಗೆ ಬರಲೇ ಇಲ್ಲ, ಬರುವ ಅಗತ್ಯವೂ ಇರಲಿಲ್ಲ. ಗಾಬರಿಯಾದ ಹೆಣ್ಣು ಪೂರ್ತಿ ವೇಗದಲ್ಲಿ ತಂತಿಗೆ ಹೊಡೆದು ಕುತ್ತಿಗೆ ಮುರಿದುಕೊಂಡಿತು. ಬೂದು ಬಣ್ಣದ ತಂತಿಜಾಲ ಕತ್ತಲಲ್ಲಿ, ಓಟದಲ್ಲಿ ಕಾಣುವುದಿಲ್ಲ. ಮೂರನೆಯದು ಹುಟ್ಟಿ ಎರಡು ದಿನದ ಮರಿ. ಚಿಗರಿ ಮರಿ ಮೊದಲ ಎರಡು ವಾರ ತಾಯಿಯ ಹಿಂದೆ ತಿರುಗುವುದಿಲ್ಲ, ಹುಲ್ಲಿನಲ್ಲಿ ಅಡಗಿ ಮಲಗುತ್ತದೆ. ಬೋಳು ಆವರಣದಲ್ಲಿ ಅಡಗಲು ಹುಲ್ಲಿರಲಿಲ್ಲ. ಕೆಸರಿನಲ್ಲಿ ರಾತ್ರಿಯಿಡೀ ನೆನೆದು ಮರಿ ತಣ್ಣಗಾಯಿತು.

ನಾಲ್ಕನೆಯ ಸಾವು

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದು ಚಿಕಿತ್ಸೆಯ ಹೆಸರಿನಲ್ಲಿ ಆದ ಸಾವು.

ಮಳೆ ಶುರುವಾಗಿ ಎರಡು ತಿಂಗಳಾದಾಗ ಹಿಂಡಿನ ಅರ್ಧದಷ್ಟು ಪ್ರಾಣಿಗಳ ಗೊರಸು ಬೆಳೆದು ಮುಂದಕ್ಕೆ ಬಾಗಿದ್ದವು. ಗಟ್ಟಿ ನೆಲದ ಮೇಲೆ ಓಡಾಡಿದರೆ ಗೊರಸು ತಾನಾಗಿ ಸವೆಯುತ್ತದೆ. ಹಸಿ ಎರೆ ಮಣ್ಣಿನಲ್ಲಿ ಸವೆಯದೆ ಮೆತ್ತಗಾಗಿ ಬೆಳೆಯುತ್ತದೆ, ಎರಡು ತುದಿಗಳೂ ಒಂದರ ಮೇಲೊಂದು ಏರುತ್ತವೆ, ನಡುವೆ ಕೆಸರು ಕೂತು ಕೊಳೆಯುತ್ತದೆ. ಒಂದು ಹೆಣ್ಣು ಮುಂಗಾಲು ಊರದಂತಾಯಿತು. ಹಳೆಯ ಮನೆ ಇದ್ದಿದ್ದರೆ ಬಾಗಿಲು ಇಳಿಸಿದರೆ ಮುಗಿಯುತ್ತಿತ್ತು. ಈಗ ಒಂದು ಹೆಕ್ಟೇರ್ ಬಯಲಿನಲ್ಲಿ ಬಲೆ ಹಿಡಿದು ಎಂಟು ಜನ ಅಟ್ಟಿದರು, ಅದೂ ಬಿಸಿಲೇರಿದ ಹೊತ್ತಿನಲ್ಲಿ. ಇಪ್ಪತ್ತು ನಿಮಿಷದ ಮೇಲೆ ಬಲೆಗೆ ಬಿತ್ತು. ಬಾಯಿ ತೆರೆದು ಏದುಸಿರು, ಮೈ ಸುಡುತ್ತಿತ್ತು. ಗೊರಸು ಕತ್ತರಿಸಿ, ಔಷಧ ಹಾಕಿ ಬಿಟ್ಟಾಗ ಎದ್ದು ನಡೆಯಿತು. ಎಲ್ಲರಿಗೂ ಸಮಾಧಾನವಾಯಿತು. ಮರುದಿನ ಹಿಂಗಾಲು ಬಿಗಿದು ನಿಂತಿತು, ಉಚ್ಚೆ ಕಡಕ್ ಚಹಾದ ಬಣ್ಣಕ್ಕೆ ತಿರುಗಿತು. ಮೂರನೇ ದಿನ ಸತ್ತಿತು.

ಹಿಡಿಯುವಾಗಿನ ಓಟ ಮತ್ತು ಭಯದಿಂದ ಸ್ನಾಯುಗಳೇ ಒಡೆದು ಹೋಗುವ ಈ ಸ್ಥಿತಿಗೆ ಪಶುವೈದ್ಯರು ‘ಕ್ಯಾಪ್ಚರ್ ಮಯೋಪತಿ’ ಎನ್ನುತ್ತಾರೆ. ಮಿತಿ ಮೀರಿದ ಓಟದಲ್ಲಿ ಸ್ನಾಯುವಿಗೆ ಆಮ್ಲಜನಕ ಸಾಲದೆ ಆಮ್ಲ ತುಂಬುತ್ತದೆ, ಮೈಶಾಖ 41 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಸತ್ತ ಸ್ನಾಯುವಿನ ಬಣ್ಣದ ಪ್ರೋಟೀನ್ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಕಟ್ಟುತ್ತದೆ. ಸಾವು ಕೆಲವು ಗಂಟೆಗಳಲ್ಲೂ ಬರಬಹುದು, ದಿನಗಳ ಮೇಲೂ ಬರಬಹುದು. ಶುರುವಾದ ಮೇಲೆ ಉಳಿಸುವುದು ಬಹಳ ಕಷ್ಟ. ತಡೆಯುವುದೊಂದೇ ದಾರಿ: ತಂಪು ಹೊತ್ತಿನಲ್ಲಿ ಮಾತ್ರ ಹಿಡಿಯಬೇಕು, ಎರಡು–ಮೂರು ನಿಮಿಷದಲ್ಲಿ ಸಿಗದಿದ್ದರೆ ಅಂದಿಗೆ ಬಿಟ್ಟುಬಿಡಬೇಕು, ಸಿಕ್ಕ ಕೂಡಲೇ ಕಣ್ಣಿಗೆ ಬಟ್ಟೆ ಕಟ್ಟಬೇಕು, ಪ್ರಾಣಿಯ ಎದೆ ನೆಲಕ್ಕೆ ಊರುವಂತೆ ಕೂರಿಸಬೇಕೇ ಹೊರತು ಮಗ್ಗುಲಾಗಿ ಕೆಡವಬಾರದು, ಯಾರೂ ಗಟ್ಟಿಯಾಗಿ ಮಾತಾಡಬಾರದು. ಅಟ್ಟದೆಯೇ ಹಿಡಿಯುವ ಜಾಗ ಇದ್ದರೆ ಇಷ್ಟೂ ಬೇಕಾಗುವುದಿಲ್ಲ.

ಗೋದಲಿಯ ಲೆಕ್ಕ

ಸಾವಿನ ಪಟ್ಟಿಗೆ ಸೇರದ ಇನ್ನೊಂದು ಹಾನಿ ಮೇವಿನಲ್ಲಿತ್ತು. ಒಂದೇ ಗೋದಲಿ ಇದ್ದರೆ ಬಲವಾದ ಗಂಡು ಅದರ ಮುಂದೆ ನಿಲ್ಲುತ್ತದೆ. ಹಿಂಡಿಯನ್ನು ಅದೇ ಗಬಗಬ ತಿಂದು ಹೊಟ್ಟೆ ಹುಳಿಯಾಗಿ ಭೇದಿ ಮಾಡಿಕೊಳ್ಳುತ್ತದೆ, ಮರಿ ಸಾಕುವ ಹೆಣ್ಣಿಗೆ ಕಡೆಗೆ ಸಿಗುವುದು ಹೊಟ್ಟು.

24 ಪ್ರಾಣಿಗಳ ಸರಾಸರಿ ತೂಕ 28 ಕಿಲೋ ಎಂದು ಹಿಡಿದರೆ, ತೂಕದ ನೂರಕ್ಕೆ ಮೂರರಂತೆ ದಿನಕ್ಕೆ ಬೇಕಾದ ಒಣ ಅಂಶ ಸುಮಾರು 20 ಕಿಲೋ. 50 ಕಿಲೋ ಹಸಿ ಮೇವಿನಿಂದ ಹನ್ನೆರಡೂವರೆ, 6 ಕಿಲೋ ಕಣಕಿ ಅಥವಾ ಒಣಹುಲ್ಲಿನಿಂದ ಐದಕ್ಕೂ ಸ್ವಲ್ಪ ಹೆಚ್ಚು, ಎರಡೂವರೆ ಕಿಲೋ ಹಿಂಡಿಯಿಂದ ಎರಡು ಕಿಲೋ ದಾಟುತ್ತದೆ. ತುಳಿದು ಕೆಡುವುದಕ್ಕೆ ಮೇಲೆ ನೂರಕ್ಕೆ ಹತ್ತು–ಹದಿನೈದು ಪಾಲು ಇಡಬೇಕು. ಇದನ್ನು ಒಂದೇ ಕಡೆ ಸುರಿಯದೆ ಕನಿಷ್ಠ ಆರು ಕಡೆ, ನಡುವೆ ಐದಾರು ಮೀಟರ್ ಬಿಟ್ಟು ಇಟ್ಟರೆ ಒಂದು ಗಂಡು ಎಲ್ಲವನ್ನೂ ಕಾಯಲಾರದು.

ನಮ್ಮ ಸೀಮೆಯಲ್ಲಿ ಹಸಿ ಮೇವು ಎಂದರೆ ಜೋಳ ನೆನಪಾಗುತ್ತದೆ. ಮೊಳಕಾಲೆತ್ತರದ ಎಳೆ ಜೋಳ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ್ದು, ವಿಷ. ಅದರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಎತ್ತಿಗೆ ಹಾಕಬಾರದ್ದನ್ನು ಚಿಗರಿಗೂ ಹಾಕಬಾರದು. ಹೂ ಬಿಟ್ಟ ಮೇಲೆ ಕೊಯ್ದದ್ದನ್ನೇ ತರಬೇಕು. ಗುತ್ತಿಗೆ ಕಾಗದದಲ್ಲೇ ಈ ಮಾತು ಬರೆಸಿದ್ದು ಒಳ್ಳೆಯದಾಯಿತು.

ಮತ್ತೆ ಕಟ್ಟಿದ್ದು ಮನೆಯಲ್ಲ, ದೊಡ್ಡಿ

ಮಳೆಗಾಲ ಮುಗಿದ ಮೇಲೆ ಸರಳಿನ ಕೋಣೆ ಮತ್ತೆ ಕಟ್ಟಬೇಕೆ ಎಂಬ ಚರ್ಚೆ ಬಂತು. ಬೇಕಿರಲಿಲ್ಲ. ಆವರಣದ ಹಿಂಬದಿಗೆ, ಜನ ನೋಡುವ ದಾರಿಯಿಂದ ದೂರಕ್ಕೆ, ಮೂರು ದೊಡ್ಡಿಗಳನ್ನು ಒಂದಕ್ಕೊಂದು ಜೋಡಿಸಿದರು. ಮೊದಲನೆಯದು 20 ಮೀಟರ್‌ಗೆ 12 ಮೀಟರ್, ಬಾಗಿಲು ಮೂರು ಮೀಟರ್ ಅಗಲ. ಇಡೀ ಹಿಂಡು ಹಿಡಿಯುತ್ತದೆ. ಅದರಾಚೆ 8 ಮೀಟರ್‌ಗೆ 6 ಮೀಟರ್‌ನ ಎರಡು ಸಣ್ಣ ದೊಡ್ಡಿ. ಅವುಗಳಿಂದ ಒಂದು ಓಣಿ, ಶುರುವಿನಲ್ಲಿ ಒಂದೂವರೆ ಮೀಟರ್ ಅಗಲ, ಕೊನೆಗೆ 75 ಸೆಂ.ಮೀ. ತುದಿಗೆ ಸಾಗಣೆ ಪೆಟ್ಟಿಗೆ ತಂದು ಹೊಂದಿಸುವ ಜಾಗ. ಪೆಟ್ಟಿಗೆ ಒಂದೂಕಾಲು ಮೀಟರ್ ಉದ್ದ, 60 ಸೆಂ.ಮೀ. ಅಗಲ: ನಿಲ್ಲಬಹುದು, ಕೂರಬಹುದು, ತಿರುಗಲು ಆಗಬಾರದು. ತಿರುಗಲು ಹೋದ ಪ್ರಾಣಿಯೇ ಕುತ್ತಿಗೆ ಮುರಿದುಕೊಳ್ಳುವುದು. ಗಂಡನ್ನು ಸಾಗಿಸುವಾಗ ಕೊಂಬಿನ ತುದಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸುತ್ತಾರೆ.

ಗೋಡೆ ಕಲ್ಲಿನದಲ್ಲ. ಎರೆ ಮಣ್ಣಿನಲ್ಲಿ ಕಲ್ಲು ಮತ್ತೆ ಬಿರಿಯುತ್ತದೆ. ಒಂದು ಮೀಟರ್‌ಗೂ ಹೆಚ್ಚು ಆಳದ ಗುಂಡಿಯ ತಳಕ್ಕೆ ಒಂದಡಿ ಗರಸು ಬಡಿದು, ಮೇಲೆ ಕಾಂಕ್ರೀಟ್ ಹಾಕಿ ಕಬ್ಬಿಣದ ಕೊಳವೆ ಕಂಬ ನಿಲ್ಲಿಸಿದರು. ಒಳಮೈಗೆ ಎಂಟಡಿ ಎತ್ತರದ ಮರದ ಹಲಗೆ, ಸಂದಿಲ್ಲದಂತೆ. ತಗಡು ಅಗ್ಗ, ಆದರೆ ಗೊರಸು ತಾಗಿದರೆ ಢಣ್ ಎನ್ನುತ್ತದೆ. ಆ ಸದ್ದಿಗೆ ಉಳಿದ ಪ್ರಾಣಿಗಳೆಲ್ಲ ಎಗರುತ್ತವೆ. ಬಾಗಿಲುಗಳು ಪಕ್ಕಕ್ಕೆ ಸರಿಯುವಂಥವು, ಹಗ್ಗ ಹೊರಗಿನಿಂದ. ಮದವೇರಿದ ಗಂಡಿನ ಜೊತೆ ಮನುಷ್ಯ ಒಂದೇ ದೊಡ್ಡಿಯಲ್ಲಿ ಇರಬಾರದು. ಮೂಲೆಗಳನ್ನೆಲ್ಲ ಓರೆ ಹಲಗೆ ಬಡಿದು ಗುಂಡಗೆ ಮಾಡಿದರು, ದೊಡ್ಡ ಆವರಣದ ನಾಲ್ಕು ಮೂಲೆಗಳನ್ನೂ.

ನೆಲದಲ್ಲಿ ಎರಡಡಿ ಎರೆ ಮಣ್ಣು ತೆಗೆದು ದಪ್ಪ ಕಲ್ಲು, ಮೇಲೆ ಗರಸು, ಅದರ ಮೇಲೆ ನಾಲ್ಕಿಂಚು ಮರಳು. ಐವತ್ತಕ್ಕೆ ಒಂದರ ಇಳಿಜಾರು. ಗೋದಲಿಗಳ ಮುಂದೆ ಮಾತ್ರ ಎರಡು ಮೀಟರ್ ಪಟ್ಟಿ ಒರಟು ಕಾಂಕ್ರೀಟ್, ಪೊರಕೆಯಿಂದ ಗೀರಿದ್ದು. ತಿನ್ನಲು ದಿನಾ ಅದರ ಮೇಲೆ ನಿಂತರೆ ಗೊರಸು ತಾನೇ ಸವೆಯುತ್ತದೆ. ಇಡೀ ದುರಸ್ತಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಟ್ಟ ಕೆಲಸ ಇದು. ಬೇಲಿಯ ಬುಡಕ್ಕೆ ನಾಯಿ ತೋಡದಂತೆ ಒಂದೂವರೆ ಅಡಿ ಆಳಕ್ಕೆ ಕಲ್ಲಿನ ಪಟ್ಟಿ ಹೂಳಿದರು.

ಬೇಲಿ ಕಾಣುವಂತೆ ಮಾಡಲು ಮೊದಲು ಹಸಿರು ಶೇಡ್‌ನೆಟ್ ಕಟ್ಟಿದ್ದು ಸರಿಹೋಗಲಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿ ಈ ಬಯಲಿಗೂ ಬೀಸುತ್ತದೆ. ನೆಟ್ ಪಟಪಟ ಹೊಡೆದುಕೊಂಡು ಹಿಂಡನ್ನು ಇನ್ನಷ್ಟು ಹೆದರಿಸಿತು. ಅದನ್ನು ತೆಗೆದು ಬಿದಿರು ತಟ್ಟಿಯನ್ನು ಅಡಿಗೊಂದರಂತೆ ತಂತಿ ಕಟ್ಟಿ ಬಿಗಿ ಮಾಡಿದರು. ಮರಿಗಳಿಗಾಗಿ ಆವರಣದ ಎರಡು ಕಡೆ ಹುಲ್ಲು ಕೊಯ್ಯದೆ ಬಿಟ್ಟು, ದಿಬ್ಬ ಮಾಡಿ ನೀರು ನಿಲ್ಲದಂತೆ ನೋಡಿಕೊಂಡರು.

ದೊಡ್ಡಿ ಕಟ್ಟಿದರೆ ಸಾಲದು, ಪ್ರಾಣಿ ಅದರೊಳಗೆ ತಾನಾಗಿ ಬರಬೇಕು. ಮೊದಲ ವಾರ ಬಾಗಿಲನ್ನು ತೆರೆದೇ ಕಟ್ಟಿಹಾಕಿ, ಮೇವಿನ ಬುಟ್ಟಿಗಳನ್ನು ದಿನಕ್ಕೆ ಎರಡು–ಮೂರು ಮೀಟರ್ ಒಳಗೆ ಸರಿಸುತ್ತ ಹೋದರು. ಹಿಂಡಿ ದೊಡ್ಡಿಯೊಳಗೆ ಮಾತ್ರ, ಅದೂ ಒಂದೇ ಹೊತ್ತಿಗೆ, ಅದೇ ಪಾಲಕನ ಕೈಯಿಂದ. ಹೆಣ್ಣುಗಳು ತಲೆ ತಗ್ಗಿಸಿ ತಿನ್ನತೊಡಗಿದ ಮೇಲೆ ಬಾಗಿಲನ್ನು ಒಂದಡಿ ಸರಿಸಿ ಮತ್ತೆ ತೆರೆಯುವುದು, ಆ ಸದ್ದಿಗೆ ಕಿವಿ ಮಾತ್ರ ತಿರುಗಿ ಬಾಯಿ ನಿಲ್ಲದಂತಾದಾಗ ಪೂರ್ತಿ ಮುಚ್ಚಿ ಐದು ನಿಮಿಷದಲ್ಲಿ ತೆರೆಯುವುದು. ಇದಕ್ಕೆ ಆರು ವಾರ ಹಿಡಿಯಿತು. ಅವಸರ ಮಾಡಿ ಒಮ್ಮೆ ಹೆದರಿಸಿದರೆ ತಿಂಗಳು ಹಿಂದಕ್ಕೆ. ಮಧ್ಯಪ್ರದೇಶದಲ್ಲಿ ಚಿಗರಿಗಳನ್ನು ಹಿಡಿದು ಸಾಗಿಸಲು ಬಳಸುವ ‘ಬೋಮಾ’ ಎಂಬ ಆಲಿಕೆಯಾಕಾರದ ದೊಡ್ಡಿಯಲ್ಲಿ ಹಿಂಡನ್ನು ಅಟ್ಟಿಯೇ ತುಂಬಬೇಕು. ಬಯಲಿನಲ್ಲಿ ಬೇರೆ ದಾರಿಯಿಲ್ಲ. ಮೃಗಾಲಯದಲ್ಲಿ ದಿನಾ ಮೇವು ಹಾಕುವ ಅನುಕೂಲ ಇರುವಾಗ ಅಟ್ಟುವ ಕಾರಣವೇ ಇಲ್ಲ.

ಹೀಗೆ ಬೇರ್ಪಡಿಸಿ ಒಂದು ಬಲಿತ ಗಂಡನ್ನು ಹೆಣ್ಣುಗಳ ಜೊತೆ ಬಿಟ್ಟು, ಉಳಿದ ಗಂಡುಗಳಿಗೆ ಬೇರೆ ಆವರಣ ಮಾಡಿದರು. ನಡುವೆ ತಟ್ಟಿಯ ಮರೆ. ಹೆಣ್ಣು ಕಣ್ಣಿಗೆ ಬೀಳದಿದ್ದರೆ ಗಂಡುಗಳ ಗುಂಪು ಬಹುಪಾಲು ತಣ್ಣಗಿರುತ್ತದೆ.

ಕೊಂಡುಕುರಿಗೆ ಇದು ಸಾಲದು

ಖಾಲಿ ಇರುವ ಜಾಗದಲ್ಲಿ ಒಂದು ಜೋಡಿ ಕೊಂಡುಕುರಿ ತರುವ ಆಲೋಚನೆಯೂ ಇತ್ತು. ಕಪ್ಪತಗುಡ್ಡದ ಕುರುಚಲು ಕಾಡಿನಲ್ಲಿ ಇರುವ ಈ ಪ್ರಾಣಿ ಕಾಡಿನ ಗೊರಸುಪ್ರಾಣಿಗಳಲ್ಲೇ ನಾಲ್ಕು ಕೊಂಬಿನ ಒಂದೇ ಒಂದು ಜಾತಿ. ಭುಜದ ಎತ್ತರ 60 ಸೆಂ.ಮೀ. ಆಸುಪಾಸು, ತೂಕ 20 ಕಿಲೋ ಆಸುಪಾಸು. ಚಿಗರಿಯ ಜೊತೆ ಬಿಡುವಂತಿಲ್ಲ. ಚಿಗರಿ ಬಯಲಿನದು, ಹಿಂಡಿನದು. ಕೊಂಡುಕುರಿ ಪೊದೆಯದು, ಒಂಟಿಯದು. ಆವರಣದ ಅರ್ಧದಷ್ಟಾದರೂ ಎದೆಯೆತ್ತರದ ಪೊದೆ ಇಲ್ಲದಿದ್ದರೆ ಅದು ಮೇವು ಮುಟ್ಟದೆ ಸೊರಗುತ್ತದೆ. ಬರೀ ಹುಲ್ಲು ಹಾಕಿದರೆ ಆಗದು. ಬಾರಿ, ನೆಲ್ಲಿ, ಜಾಲಿಯ ಎಳೆ ಸೊಪ್ಪು, ಕಾಯಿ ಬೇಕು. ನೀರಿಲ್ಲದೆ ದೂರ ಇರಲಾರದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುಪ್ಪೆ ಮಾಡುವುದು ಅದರ ರೂಢಿ, ಅದೇ ಅದರ ಗುರುತು. ಶುಚಿಯ ಹೆಸರಲ್ಲಿ ದಿನಾ ಪೂರ್ತಿ ಗುಡಿಸಿದರೆ ಪ್ರಾಣಿ ಕಂಗಾಲಾಗುತ್ತದೆ. ಗುಪ್ಪೆಯಲ್ಲಿ ಒಂದು ಹಿಡಿ ಹಿಕ್ಕೆ ಬಿಡಬೇಕು. ಹಳೆಯ ಮನೆಯ ಕತ್ತಲೆ ಕೋಣೆ ಅದಕ್ಕೆ ಮರೆಯನ್ನಾದರೂ ಕೊಡುತ್ತಿತ್ತು. ಪೊದೆ ಬೆಳೆಯುವವರೆಗೆ ಜೋಡಿ ತರುವುದು ಬೇಡ ಎಂದು ತೀರ್ಮಾನವಾದದ್ದು ಸರಿಯಾದ ತೀರ್ಮಾನ.

ಉಳಿದಿರುವ ಎರಡು ಕೆಲಸ

ಮೊದಲನೆಯದು ರೋಗದ್ದು. 2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಗಳಲೆ ರೋಗದಿಂದ (ದನಗಳಿಗೆ ಬರುವ ಗಂಟಲು ಬೇನೆ) ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಆ ರೋಗಾಣು ಆರೋಗ್ಯವಾಗಿ ಕಾಣುವ ದನ, ಎಮ್ಮೆಗಳ ಗಂಟಲಲ್ಲೂ ಇರುತ್ತದೆ. ಥಂಡಿ, ತೇವ, ಒತ್ತಡ ಸೇರಿದಾಗ ಹಬ್ಬುತ್ತದೆ. ಹಾಗಾಗಿ ಇಲ್ಲಿಯೂ ಇಡೀ ಹಿಂಡನ್ನು ಒಂದೇ ನೀರಿನ ತೊಟ್ಟಿಗೆ ಬಿಡದೆ, ಗಂಡು–ಹೆಣ್ಣು ಗುಂಪುಗಳಿಗೆ ಬೇರೆ ತೊಟ್ಟಿ, ಬೇರೆ ಬುಟ್ಟಿ, ಪಾಲಕರ ಕಾಲಿಗೆ ಬೇರೆ ಬೂಟು ಇಟ್ಟಿದ್ದಾರೆ. ಬೇಲಿಯ ಹೊರಗೆ ದನ ಮೇಯುವುದನ್ನು ನಿಲ್ಲಿಸಲು ಇನ್ನೊಂದು ಸಾಲು ಬೇಲಿ ಬೇಕು, ಅದು ಇನ್ನೂ ಆಗಿಲ್ಲ. ಸುತ್ತಲ ಹಳ್ಳಿಗಳ ದನಗಳಿಗೆ ಮುಂಗಾರಿಗೆ ಮೊದಲೇ ಗಳಲೆ ರೋಗದ ಲಸಿಕೆ ಹಾಕಿಸುವುದನ್ನು ಪಶು ಇಲಾಖೆಯ ಜೊತೆ ಮಾತಾಡಿ ಪ್ರತಿ ವರ್ಷ ಖಚಿತ ಮಾಡಿಕೊಳ್ಳಬೇಕು.

ಎರಡನೆಯದು ಗಂಡುಗಳದು. ಹುಟ್ಟುವ ಮರಿಗಳಲ್ಲಿ ಅರ್ಧ ಗಂಡೇ. ಒಂದೂವರೆ–ಎರಡು ವರ್ಷಕ್ಕೆ ಅವು ಬಲಿತು ಗಂಡುಗಳ ಆವರಣಕ್ಕೆ ಸೇರುತ್ತವೆ, ಆ ಆವರಣ ದೊಡ್ಡದಾಗುವುದಿಲ್ಲ. ಇನ್ನೊಂದು ಮೃಗಾಲಯಕ್ಕೆ ಕೊಡಲು ಕೇಂದ್ರ ಪ್ರಾಧಿಕಾರದ ಒಪ್ಪಿಗೆ ಬೇಕು, ಪಡೆಯುವವರೂ ಹೆಣ್ಣನ್ನೇ ಕೇಳುತ್ತಾರೆ. ಸದ್ಯಕ್ಕೆ ವರ್ಷದಲ್ಲಿ ಎಂಟು ತಿಂಗಳು ತಳಿಗಂಡನ್ನೂ ಹೆಣ್ಣುಗಳಿಂದ ಬೇರೆ ಇಟ್ಟು, ಆಷಾಢ–ಶ್ರಾವಣದ ಕೆಸರಿನಲ್ಲಿ ಮರಿ ಬೀಳದಂತೆ ಲೆಕ್ಕ ಹಾಕಿ ಬಿಡುತ್ತಿದ್ದಾರೆ: ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣಹೊತ್ತಿನಲ್ಲಿ ಈಯಬೇಕಾದರೆ ಗಂಡನ್ನು ಬಿಡಬೇಕಾದದ್ದು ಮೇ ತಿಂಗಳಿಂದ ಆಗಸ್ಟ್‌ವರೆಗೆ. ಸೆಪ್ಟೆಂಬರ್ ಹೊತ್ತಿಗೆ ಅದನ್ನು ವಾಪಸ್ ಬೇರ್ಪಡಿಸುವುದು ಅದೇ ಎರಡನೇ ದೊಡ್ಡಿಯಲ್ಲಿ, ಸಂಜೆಯ ಹಿಂಡಿಯ ಹೊತ್ತಿಗೆ.